ಹ್ಯಾಂಡಲ್ ಎತ್ತರಿಸುತ್ತಾ ಕಳೆದ ಏಳು ತಿಂಗಳು

ನನಗೆ ಬಂದ ಕಾಯಿಲೆಯ ಹೆಸರನ್ನು ಮೊದಲೇ ಬರೆದುಬಿಡುತ್ತೇನೆ. ಕುಷ್ಠರೋಗ. ನಮ್ಮ ಕಡೆ ಜನ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ‘ದೊಡ್ಡ ರೋಗ’ ಎಂದು ದನಿ ತಗ್ಗಿಸಿ ಹೇಳಿ ಎದ್ದು ಹೋಗುತ್ತಾರೆ. ಹೆಸರು ನೋಡಿ ಪುಟ ಮಗುಚುವವರು ಈಗಲೇ ಮಗುಚಲಿ. ಉಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಕಿರುಬೆರಳು ಯಾಕೋ ಜೋಮು ಹಿಡಿದಿದೆಯಲ್ಲ ಎಂದು ಈ ಹೊತ್ತು ಕೈ ಒದರಿಕೊಳ್ಳುತ್ತಾ ಕೂತಿರುವ ಯಾರೋ ಒಬ್ಬರಿಗೆ.

ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ. ಅಪ್ಪ ಆ ಭಟ್ಟಿಗಳಲ್ಲೊಂದರಲ್ಲಿ ಕಾದ ಮರಳಿನ ಬಾಣಲೆಯ ಮುಂದೆ ನಿಂತು ಮಂಡಕ್ಕಿ ಹುರಿಯುತ್ತಿದ್ದವನು, ನಾನು ಹುಟ್ಟುವ ಮೊದಲಿಂದಲೂ ಅಲ್ಲೇ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ನಾಲ್ಕು ಜನ: ಅಪ್ಪ, ನಾನು, ಹೆಂಡತಿ ಗೀತಾ, ನಾಲ್ಕು ವರ್ಷದ ಮಗಳು. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವನು ನಾನೇ ಮೊದಲು. ಡಿಗ್ರಿ ಮಾಡಿದವನೂ ನಾನೇ. ಭಟ್ಟಿಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಓದಿ ಬಿ.ಎಸ್ಸಿ. ಮುಗಿಸಿದ್ದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆ ಹೆಮ್ಮೆಯಿಂದ ಆದ ಕೇಡನ್ನೂ ಹೇಳದೆ ಬಿಡುವುದಿಲ್ಲ.

ನೌಕರಿ ಖಾಯಂ ಆದ ವರ್ಷ ಕೆ.ಬಿ. ಬಡಾವಣೆಯ ಒಬ್ಬರಿಂದ ಹಳೆಯ ರೋಡ್ ಬೈಕ್ ಕೊಂಡೆ. ಬೈಕ್ ಎಂದರೆ ಮೋಟಾರಿನದ್ದಲ್ಲ, ತೆಳ್ಳನೆಯ ಟೈರಿನ ಸೈಕಲ್ಲು. ಅದರ ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿರುತ್ತದೆ. ಬಾಗುವ ಜಾಗದಲ್ಲಿ ಎರಡೂ ಕಡೆ ಬ್ರೇಕಿನ ಲಿವರು ಕೂತಿರುವ ಒಂದೊಂದು ಗುಬುಟು, ಅದರ ಮೇಲೆ ರಬ್ಬರಿನ ಹೊದಿಕೆ. ಅದಕ್ಕೆ ಹುಡ್ ಅನ್ನುತ್ತಾರೆ. ಸವಾರ ಹೆಚ್ಚು ಹೊತ್ತು ಅಂಗೈ ಊರುವುದು ಆ ಹುಡ್‌ಗಳ ಮೇಲೇ. ಬೆಳಿಗ್ಗೆ ದೊಡ್ಡಬಾತಿ ಕೆರೆ ದಾಟಿ ಹರಿಹರಕ್ಕೆ, ಸಂಜೆ ಅದೇ ದಾರಿಯಲ್ಲಿ ಮನೆಗೆ. ಭಾನುವಾರ ಮೂವರು ಗೆಳೆಯರ ಜೊತೆ ಆನಗೋಡಿನ ತನಕ ಹೋಗಿ, ಬರುವಾಗ ಒಂದು ಪೇಪರು ಹಾಸಿ ಮಂಡಕ್ಕಿ ಸುರುವಿ, ನಾಲ್ಕೂ ಕೈ ಒಂದೇ ರಾಶಿಗೆ ಹಾಕಿ ಮಿರ್ಚಿ ಕಚ್ಚಿಕೊಂಡು ತಿನ್ನುತ್ತಿದ್ದೆವು.

ಮೊದಲು ಜೋಮು ಹಿಡಿದದ್ದು ಬಲಗೈಯ ಕಿರುಬೆರಳು. ಬಾತಿ ಕೆರೆ ಬರುವಷ್ಟರಲ್ಲಿ ಅದು ನನ್ನದಲ್ಲ ಅನ್ನುವ ಹಾಗೆ ಆಗುತ್ತಿತ್ತು. ಕೆಲವು ದಿನ ಬಿಟ್ಟು ಉಂಗುರ ಬೆರಳು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಹುಡ್ ಮೇಲೆ ಅಂಗೈಯ ಹೊರಬದಿಯ ಭಾರ ಹೆಚ್ಚು ಹೊತ್ತು ಬಿದ್ದರೆ ಇದೇ ಎರಡು ಬೆರಳು ಜೋಮು ಹಿಡಿಯುತ್ತವೆ ಎಂದು ಎಲ್ಲೆಲ್ಲಿಯದೋ ಸವಾರರು ಬರೆದುಕೊಂಡಿದ್ದರು. ಇದೇ ಎರಡು ಬೆರಳು! ಲೆಕ್ಕದ ಮೇಷ್ಟ್ರಿಗೆ ಉತ್ತರ ತಾಳೆಯಾದರೆ ಮುಗಿಯಿತು, ಅವನು ಮತ್ತೆ ಹಿಂದಿನ ಹೆಜ್ಜೆ ನೋಡುವುದಿಲ್ಲ.

ಸೈಕಲ್ ಅಂಗಡಿಯ ಸಾದಿಕ್ ಭಾಯಿಯ ಹತ್ತಿರ ಹೋದೆ. ಆತ ನನ್ನನ್ನು ಸೈಕಲ್ ಮೇಲೆ ಕೂರಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ.

“ಮೇಷ್ಟ್ರೇ, ನೀವು ಸೈಕಲ್ ಹೊಡೀತಿಲ್ಲ, ಕೈ ಮೇಲೆ ಮಲಗ್ತಿದ್ದೀರಿ. ಹ್ಯಾಂಡಲ್ ಮೇಲಕ್ಕೆ ತಗೊಳಾಣ. ಭಾರ ಎಲ್ಲಿ ಬೀಳ್ಬೇಕೋ ಅಲ್ಲಿ ಬೀಳ್ಲಿ.”

ಹ್ಯಾಂಡಲಿನ ಬುಡಕ್ಕೆ ಬಳೆಯಂಥ ಎರಡು ರಿಂಗು ಸೇರಿಸಿ ಎತ್ತರಿಸಿದ. ಹತ್ತು ದಿನ ವಾಸಿ ಅನ್ನಿಸಿತು, ಅಥವಾ ವಾಸಿ ಅಂದುಕೊಂಡೆ. ಆಮೇಲೆ ಹ್ಯಾಂಡಲನ್ನೇ ಒಂದಿಷ್ಟು ಮೇಲಕ್ಕೆ ತಿರುಗಿಸಿ, ಹುಡ್‌ಗಳ ಮೂತಿ ಎತ್ತಿದ. ಆಮೇಲೆ ಹುಡ್‌ಗಳನ್ನು ಒಳಮುಖ ಮಾಡಿದ, ಮಣಿಕಟ್ಟು ನೆಟ್ಟಗಿರಲಿ ಎಂದು. ಆಮೇಲೆ ಹ್ಯಾಂಡಲು ಹತ್ತಿರ ಬರಲಿ ಎಂದು ಅದನ್ನು ಸೈಕಲಿಗೆ ಜೋಡಿಸುವ ಸ್ಟೆಮ್ ಅನ್ನುವ ತುಂಡನ್ನು ಗಿಡ್ಡದಕ್ಕೆ ಬದಲಿಸಿದ. ದಪ್ಪ ಟೇಪು ಸುತ್ತಿದೆವು, ಮೆತ್ತೆಯ ಗ್ಲೌಸು ಬಂತು. ಪ್ರತಿ ಬದಲಾವಣೆಯನ್ನೂ ನಾನು ಮಿಲಿಮೀಟರಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಐದನೇ ತಿಂಗಳೋ ಏನೋ, ಸಾದಿಕ್ ಸ್ಕ್ರೂ ತಿರುಗಿಸುವ ಅಲನ್ ಕೀ ಕೆಳಗಿಟ್ಟು ಕೇಳಿದ, “ಅಲ್ರೀ, ಎರಡೂ ಕೈ ಇದೇ ಹ್ಯಾಂಡಲ್ ಮೇಲಿರೋದು. ಎಡಗೈ ಯಾಕ ಸುಮ್ನೈತೆ?”

“ಬಲಗೈಯಲ್ಲಿ ದಿನಾ ಚಾಕ್‌ಪೀಸು ಹಿಡಿತೀನಲ್ಲ, ಮೊದಲೇ ದಣಿದಿರುತ್ತೆ,” ಎಂದೆ.

“ನೀವ್ ಓದಿದೋರು, ಹೇಳ್ಬೇಕಾ. ನಂಗಂತೂ ಇನ್ನ ಬಿಚ್ಚಾಕೆ ಏನೂ ಉಳಿದಿಲ್ಲ. ನಿಮ್ ಕೈನೇ ಬಿಚ್ಚಿ ಜೋಡಿಸ್ಬೇಕಷ್ಟೆ,” ಎಂದು ನಕ್ಕ. ನಾನೂ ನಕ್ಕೆ.

ಸೈಕಲ್ ಮುಟ್ಟದ ರಜೆಯ ದಿನಗಳಲ್ಲೂ ಬೆರಳು ಜೋಮಾಗಿಯೇ ಇರುತ್ತಿತ್ತು. ಅದಕ್ಕೂ ಒಂದು ಕಾರಣ ಕಂಡುಕೊಂಡಿದ್ದೆ. ಓದಿದವನಿಗೆ ಕಾರಣಗಳ ಬರವಿಲ್ಲ.

ಇನ್ನೊಂದು ಘಟನೆ ಹೇಳಬೇಕು. ಭಟ್ಟಿಯವರ ಮನೆಗಳಲ್ಲಿ ‘ಭಟ್ಟಿ ಕೈ’ ಅಂತ ಒಂದು ಮಾತಿದೆ. ಹೊಸದಾಗಿ ಕೆಲಸಕ್ಕೆ ಬಂದವನ ಕೈ ಮೊದಲ ವರ್ಷವೆಲ್ಲ ಬೊಬ್ಬೆ. ಆಮೇಲೆ ಚರ್ಮ ಗಟ್ಟಿಯಾಗಿ, ಕಾದ ಬಾಣಲೆಯ ಕಿವಿಯನ್ನು ಬಟ್ಟೆಯಿಲ್ಲದೆ ಹಿಡಿಯುವುದು ಬರುತ್ತದೆ. ಬಟ್ಟೆ ಹಿಡಿದವನನ್ನು ಉಳಿದವರು ಆಡಿಕೊಳ್ಳುತ್ತಾರೆ. ಅಪ್ಪನ ಕೈ ಇಡೀ ಸಾಲಿಗೇ ಹೆಸರಾದದ್ದು. ನಾನು ಚಹಾದ ಲೋಟವನ್ನು ಟವೆಲಿನಲ್ಲಿ ಹಿಡಿಯುತ್ತಿದ್ದ ಕಾಲದಿಂದಲೂ ಅವನು, “ನಿಂದು ಬುಕ್ಕಿನ ಕೈ ಲೇ ಮಂಜ,” ಎಂದು ನಗುತ್ತಿದ್ದ.

ಆ ದಿನ ಗೀತಾ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲಿದ್ದ ಹಂಚು ಅಡ್ಡ ಬಂತೆಂದು ನಾನು ಬಲಗೈಯಿಂದ ಅದರ ಅಂಚು ಹಿಡಿದು ಎತ್ತಿ ಪಕ್ಕಕ್ಕಿಟ್ಟೆ. ಏನೋ ಸುಟ್ಟ ವಾಸನೆ.

“ರೀ, ಕೈ! ಕೈ ನೋಡ್ಕೊಳ್ರಿ!” ಎಂದು ಅವಳು ಕಿರುಚಿದಳು.

ಕಿರುಬೆರಳಿನ ಬುಡದಿಂದ ಅಂಗೈಯ ಅಂಚಿನವರೆಗೆ ಚರ್ಮ ಬೆಳ್ಳಗೆ ಎದ್ದಿತ್ತು. ನನಗೇನೂ ಆಗಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಅಪ್ಪ ಬಗ್ಗಿ ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

“ಬಂತು ನೋಡವ್ವ ಗೀತಾ, ಭಟ್ಟಿ ಕೈ! ಎಷ್ಟ್ ಓದಿದ್ರೇನು, ರಕ್ತ ಎಲ್ಲಿ ಹೋಗ್ತೈತೆ?”

ಈ ಸಾಲು ಬರೆಯಲು ಕಷ್ಟವಾಗುತ್ತಿದೆ: ನನಗೂ ಹೆಮ್ಮೆಯಾಯಿತು. ಜೀವಮಾನವೆಲ್ಲ ಬುಕ್ಕಿನ ಕೈ ಅನ್ನಿಸಿಕೊಂಡವನು ನಾನು. ಮರುದಿನ ಅಪ್ಪ ಭಟ್ಟಿಯಲ್ಲಿ ಎಲ್ಲರಿಗೂ ಹೇಳಿ ಬಂದ.

ಏಳನೇ ತಿಂಗಳಲ್ಲಿ ಬಿದ್ದೆ. ಹರಿಹರ ಊರೊಳಗೆ, ಶಾಲೆಗೆ ಇನ್ನು ಎರಡು ತಿರುವು ಇರುವಾಗ, ಮುಂದಿದ್ದ ಟ್ರ್ಯಾಕ್ಟರು ಗಕ್ಕನೆ ನಿಂತಿತು. ಎರಡೂ ಬ್ರೇಕ್ ಎಳೆದೆ. ಎಡಗೈ ಎಳೆಯಿತು. ಬಲಗೈ ಲಿವರಿನ ಮೇಲಿಂದ ಸೋಪು ಹಚ್ಚಿದ ಹಾಗೆ ಜಾರಿತು. ಬಲ ಮೊಣಕೈ ಊರಿ ರಸ್ತೆಗೆ ಬಿದ್ದೆ. ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು, ಹೆಣ್ಣುಮಗಳು. ಹತ್ತಿಗೆ ಸ್ಪಿರಿಟ್ ಅದ್ದಿ, “ಉರಿಯುತ್ತೆ, ತಡ್ಕೊಳ್ಳಿ” ಅಂದರು.

ನಾನು ಸುಮ್ಮನೆ ಕೂತಿದ್ದೆ. ಅವರು ಒಂದು ಸಲ ಮುಖ ನೋಡಿದರು.

“ಉರೀತಿಲ್ವಾ?”

“ಇಲ್ರಿ ಮೇಡಂ. ನಮ್ದು ಭಟ್ಟಿ ಮನೆತನ.”

ಅವರು ನಗಲಿಲ್ಲ. ನನ್ನ ತೋಳನ್ನು ಬೆಳಕಿಗೆ ತಿರುಗಿಸಿದರು. ಒಣ ಹತ್ತಿಯ ಎಳೆ ತೆಗೆದುಕೊಂಡು, “ಕಣ್ಣು ಮುಚ್ಚಿ. ನಾನು ಮುಟ್ಟಿದಾಗೆಲ್ಲ ಹೇಳಿ” ಅಂದರು. ಕಣ್ಣು ಮುಚ್ಚಿದೆ. ಕಾದೆ. ಹೊರಗೆ ಯಾವುದೋ ಆಟೋ ಹಾರ್ನ್ ಹೊಡೆಯುತ್ತಿತ್ತು.

“ಶುರು ಮಾಡ್ರಿ ಮೇಡಂ,” ಎಂದೆ.

“ಆರು ಸಲ ಮುಟ್ಟಿದೆ.”

ಮೊಣಕೈಯ ಹಿಂಬದಿ, ನನ್ನ ಕಣ್ಣಿಗೆ ಯಾವತ್ತೂ ಬೀಳದ ಜಾಗದಲ್ಲಿ, ಅಂಗೈಯಗಲದ ತಾಮ್ರದ ಬಣ್ಣದ ಮಚ್ಚೆ. ಗೀತಾ ಅದನ್ನು ನೋಡಿದ್ದಳಂತೆ, ಬಿಸಿಲಿಗೆ ಆದದ್ದು ಅಂದುಕೊಂಡಿದ್ದಳಂತೆ. ಡಾಕ್ಟರು ಮೊಣಕೈ ಮೂಳೆಯ ಪಕ್ಕ ಬೆರಳಿಟ್ಟು ಒತ್ತಿದರು. ಅಲ್ಲಿ ನರ ನುಲಿಹಗ್ಗದಂತೆ ದಪ್ಪಗಾಗಿ ಬೆರಳಿಗೆ ಸಿಕ್ಕಿತು. ಅವರು ಏನನ್ನೂ ಹೆಸರಿಸದೆ ದಾವಣಗೆರೆಯ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಚೀಟಿ ಬರೆದರು. ಹೆಸರು ನನಗೆ ಗೊತ್ತಾಗಿ ಹೋಗಿತ್ತು. ಪ್ರತಿ ಜನವರಿಯ ಕೊನೆಗೆ, ಕುಷ್ಠರೋಗ ನಿವಾರಣಾ ದಿನಕ್ಕೆ, ಶಾಲೆಯ ಪ್ರಾರ್ಥನೆಯಲ್ಲಿ ಸ್ಪರ್ಶವಿಲ್ಲದ ಮಚ್ಚೆಯ ಬಗ್ಗೆ ಮಕ್ಕಳಿಗೆ ಓದಿ ಹೇಳಿ, ಪ್ರತಿಜ್ಞೆ ಮಾಡಿಸುತ್ತಿದ್ದವನು ನಾನೇ. ಆ ವರ್ಷವೂ ಮಾಡಿಸಿದ್ದೆ, ಬಲಗೈ ಮುಂದಕ್ಕೆ ಚಾಚಿ.

ಚರ್ಮದ ವಿಭಾಗದ ಹೊರಗೆ ಒಂದು ಉದ್ದನೆಯ ಬೆಂಚು. ಕಪ್ಪು ರಬ್ಬರಿನ ಮೆತ್ತನೆ ಚಪ್ಪಲಿ ಹಾಕಿದ ಮುದುಕರೊಬ್ಬರು ಸರಿದು ಜಾಗ ಮಾಡಿದರು. ಅವರ ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ನಾನು ಈ ಬೆಂಚಿನವನಲ್ಲ ಎಂದು ಯಾರಿಗೆ ತೋರಿಸುತ್ತಿದ್ದೆನೋ ಗೊತ್ತಿಲ್ಲ. ಎರಡು ತಾಸು ಹಾಗೇ ನಿಂತಿದ್ದಕ್ಕೆ ಮುದುಕರು ಕೊನೆಗೆ ಹೇಳಿದರು:

“ಕುಂದ್ರಿ ಸಾರ್. ಬೆಂಚಿಂದ ಬರಲ್ಲ ಅದು.”

ಕೂತೆ.

ದೊಡ್ಡ ಡಾಕ್ಟರು ನನ್ನ ಎರಡೂ ಕೈ ನೋಡಿದರು. ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಬಾಗತೊಡಗಿದ್ದವು. ಬೆರಳ ಸಂದಿಯಲ್ಲಿ ಒಂದು ಕಾಗದದ ಚೂರು ಇಟ್ಟು, “ಗಟ್ಟಿ ಹಿಡಿರಿ” ಎಂದು ಎಳೆದರು. ಎಡಗೈಯದು ಬರಲಿಲ್ಲ. ಬಲಗೈಯದು ಉದುರಿತು.

“ಜೋಮು ಶುರುವಾಗಿ ಎಷ್ಟಾಯ್ತು?”

“ಏಳು ತಿಂಗಳು ಸಾರ್.”

“ಏಳು ತಿಂಗಳು ಏನ್ ಮಾಡ್ತಿದ್ರಿ?”

“ಹ್ಯಾಂಡಲ್ ಎತ್ತರಿಸ್ತಿದ್ದೆ.”

ಬರೆಯುತ್ತಿದ್ದ ಪೆನ್ನು ನಿಂತಿತು. ಅವರಿಗೆ ಸೈಕಲಿನ ಕಥೆಯನ್ನೆಲ್ಲ ಹೇಳಿದೆ. ಕೇಳಿದ ಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ರೋಗ ಹೋಗುತ್ತೆ, ಅದಕ್ಕೆ ನಾನು ಜವಾಬ್ದಾರಿ. ಒಂದು ವರ್ಷದ ಮಾತ್ರೆ. ಮಾತ್ರೆ ಶುರು ಮಾಡಿದ ಮೇಲೆ ನಿಮ್ಮಿಂದ ಇನ್ನೊಬ್ಬರಿಗೆ ಹರಡೋ ಭಯ ಇರಲ್ಲ. ಆದರೆ ನರ ಬೇರೆ ಲೆಕ್ಕ. ಬೇಗ ಬಂದಷ್ಟೂ ಕೈ ಉಳಿಯುತ್ತೆ. ನಿಮ್ಮದು ಎಷ್ಟು ಉಳಿಯುತ್ತೆ ಅಂತ ಆರು ತಿಂಗಳಾದ ಮೇಲೆ ನೋಡೋಣ.” ಕಾರ್ಡಿನಲ್ಲಿ ಒಂದು ಕಡೆ ಪೆನ್ನಿಟ್ಟು ಕೇಳಿದರು, “ಮನೇಲಿ ಯಾರ‍್ಯಾರು ಇದ್ದೀರಿ? ಎಲ್ಲರನ್ನೂ ಒಂದು ಸಲ ನೋಡಬೇಕು.”

“ಹೆಂಡತಿ, ಮಗಳು.”

“ಅಷ್ಟೇನಾ?”

“ಅಷ್ಟೇ ಸಾರ್.”

ಅಪ್ಪನ ಹೆಸರು ಯಾಕೆ ಬಿಟ್ಟೆ? ಭಟ್ಟಿಯಲ್ಲಿ ಗೊತ್ತಾದರೆ ಅವನು ಹುರಿದ ಮಂಡಕ್ಕಿಯನ್ನು ಯಾರೂ ಮುಟ್ಟುವುದಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಓಣಿಯ ತುಂಬಾ ‘ನನ್ನ ಮಗ ಮೇಷ್ಟ್ರು’ ಎಂದು ಹೇಳಿಕೊಂಡು ತಿರುಗುವವನ ಮುಂದೆ ಆ ಹೆಸರು ಹೇಳುವ ಧೈರ್ಯ ನನಗಿರಲಿಲ್ಲ.

ಗೀತಾಳಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: “ಮಗೂಗೆ?” ಮರುದಿನ ತಾಯಿ ಮಗಳಿಬ್ಬರನ್ನೂ ತೋರಿಸಿದೆವು. ಇಬ್ಬರಿಗೂ ಏನೂ ಇರಲಿಲ್ಲ, ಮುಂಜಾಗ್ರತೆಗೆ ಮಾತ್ರೆ ಕೊಟ್ಟರು. ಆಸ್ಪತ್ರೆಯ ಗೇಟಿನಿಂದಲೇ ಅವಳು ಮಗಳನ್ನು ಎತ್ತಿಕೊಂಡು, “ನಾಕ್ ದಿನ ಇದ್ದು ಬರ್ತೀನಿ” ಎಂದು ತವರಿಗೆ, ಕಡರನಾಯಕನಹಳ್ಳಿಗೆ ಹೊರಟಳು. ಮಗಳು ಬಸ್ಸಿನ ಕಿಟಕಿಯಿಂದ ಕೈ ಚಾಚಿದಳು. ನಾನು ಕೈ ಬೀಸಿದೆ, ಮುಟ್ಟಲಿಲ್ಲ.

ನಾಲ್ಕು ದಿನ ಹದಿನಾಲ್ಕಾಯಿತು. ಆ ದಿನಗಳಲ್ಲಿ ನನ್ನ ತಟ್ಟೆ ಲೋಟ ಬೇರೆ ಮಾಡಿ ಮೇಲಿನ ಹಲಗೆಯ ಮೂಲೆಗಿಟ್ಟುಕೊಂಡೆ. ಯಾರೂ ಹೇಳಿರಲಿಲ್ಲ, ಬೇಡವೆಂದು ಡಾಕ್ಟರೇ ಹೇಳಿದ್ದರು. ಭಾನುವಾರದ ಗೆಳೆಯರಿಗೆ ಬೆನ್ನು ನೋವು ಎಂದು ಸುಳ್ಳು ಹೇಳಿದೆ. ಕೆಂಪಗಾದ ಮೂತ್ರ ನೋಡಿ, ಅದು ಮಾತ್ರೆಯ ಬಣ್ಣವೆಂದು ಗೊತ್ತಿದ್ದೂ, ಬಚ್ಚಲಲ್ಲಿ ಗೋಡೆ ಹಿಡಿದು ನಿಂತೆ. “ಗೀತಾ ಯಾಕ ಬರ‍್ಲಿಲ್ಲ?” ಎಂದು ಅಪ್ಪ ಕೇಳಿದರೆ, ಅವರವ್ವನಿಗೆ ಹುಷಾರಿಲ್ಲ ಅನ್ನುತ್ತಿದ್ದೆ.

ಹದಿನಾಲ್ಕನೇ ದಿನ ಅವಳು ಬಂದಳು. ಚೀಲ ಇಳಿಸಿ, ಮೇಲಿನ ಹಲಗೆಯಿಂದ ನನ್ನ ತಟ್ಟೆ ತೆಗೆದು ಎಲ್ಲರ ತಟ್ಟೆಯ ಜೊತೆ ಸೇರಿಸಿ ಇಟ್ಟಳು.

“ಅಲ್ಲಿ ಒಬ್ಬೊಬ್ರೂ ಯಾಕ್ ಬಂದಿ, ಯಾಕ್ ಬಂದಿ ಅಂತ ಕೇಳೋರೇ. ಸುಳ್ಳು ಹೇಳಿ ಹೇಳಿ ಬಾಯಿ ಸೋತೈತೆ. ಇಲ್ಲಾದ್ರೆ ಸುಳ್ಳು ಹೇಳೋದು ತಪ್ತೈತೆ ಅಂತ ಬಂದೆ,” ಎಂದಳು. ನನ್ನ ಮುಖ ನೋಡಿ ನಿಧಾನಕ್ಕೆ ಕೇಳಿದಳು, “ಮಾವಾರಿಗೆ ಹೇಳೀರಾ?”

“ಇಲ್ಲ. ನರದ ಮಾತ್ರೆ ಅಂತ ಹೇಳೀನಿ.”

ಅವಳು ಚೀಲದಿಂದ ಮಗಳ ಬಟ್ಟೆ ತೆಗೆಯತೊಡಗಿದಳು.

ಹಾಗೆ ಐದು ತಿಂಗಳು ಹೋದವು. ನರದ ಊತಕ್ಕೆ ಕೊಟ್ಟ ಮಾತ್ರೆಯಿಂದ ಮುಖ ಊದಿತು, ಇನ್ನೊಂದರಿಂದ ಮೈ ಕಪ್ಪಾಯಿತು. “ಬಿಸಿಲಾಗೆ ತುಳಿದೂ ತುಳಿದೂ ಇದ್ದಿಲಾಗಿ ಲೇ,” ಎಂದು ಅಪ್ಪ ನಗುತ್ತಿದ್ದ. ಸೈಕಲ್ ಗೋಡೆಗೆ ಒರಗಿ ಧೂಳು ಹಿಡಿದಿತ್ತು, ಅದೂ ಅವನಿಗೆ ಕಾಣುತ್ತಿರಲಿಲ್ಲವೇ? ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಹೆಡ್‌ಮಾಸ್ಟರರಿಗೆ ಮಾತ್ರ ಡಾಕ್ಟರ ಚೀಟಿ ತೋರಿಸಿದ್ದೆ. ಅವರು ಓದಿ, ಮಡಚಿ, “ಪಾಠ ಮಾಡಿ, ಉಳಿದದ್ದು ನನಗೆ ಬಿಡಿ” ಎಂದಿದ್ದರು. ಆದರೂ ಆಮೇಲೆ ನನ್ನಿಂದ ಚಾಕ್‌ಪೀಸು ಇಸಿದುಕೊಳ್ಳುವಾಗ ಅವರ ಕೈ ಒಂದು ಕ್ಷಣ ತಡೆಯುತ್ತಿತ್ತು. ಅದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಆ ಬೆಂಚಿನ ಮುಂದೆ ಎರಡು ತಾಸು ನಿಂತವನೇ.

ಒಂದು ಮಧ್ಯಾಹ್ನ ಅಪ್ಪ ಭಟ್ಟಿಯಿಂದ ಬಂದು ನಲ್ಲಿಯ ಕೆಳಗೆ ಮೈ ತೊಳೆಯುತ್ತಿದ್ದ. ಟವೆಲು ಕೊಡಲು ಹೋದ ಗೀತಾಳಿಗೆ ಅವನ ಹೆಬ್ಬೆರಳು ಕಂಡಿತು. ತುದಿ ಸುಟ್ಟು, ಸೀಳಿ, ಒಳಗಿನ ಮಾಂಸ ಕಾಣುತ್ತಿತ್ತು. ಅದೇ ಬೆರಳಲ್ಲಿ ಅವನು ಸೋಪು ಉಜ್ಜಿಕೊಳ್ಳುತ್ತಿದ್ದ.

“ಮಾವಾರೇ, ನೋವಾಗಲ್ವಾ?”

“ಭಟ್ಟಿ ಕೈಯವ್ವ ಇದು.”

ಅವನು ಬೆನ್ನು ತಿರುಗಿಸಿದಾಗ ಬೂದಿ ತೊಳೆದು ಹೋದ ಜಾಗದಲ್ಲಿ ಅವಳು ಮಚ್ಚೆಗಳನ್ನು ನೋಡಿದಳು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ತಡೆದಳು.

“ಡಾಕ್ಟ್ರು ಮನೇಲಿ ಯಾರ‍್ಯಾರು ಅಂತ ಕೇಳ್ದಾಗ ಮಾವಾರ ಹೆಸ್ರು ಹೇಳಿದ್ರಾ, ಇಲ್ವಾ?”

ನಾನು ಬಗ್ಗಿ ಚಪ್ಪಲಿ ಬಿಡತೊಡಗಿದೆ.

“ನೀವ್ ಹೇಳ್ತೀರಾ, ನಾನ್ ಹೇಳ್ಲಾ?”

ನಾನೇ ಹೇಳಿದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಕಾಯಿಲೆಯ ಹೆಸರು, ಮಾತ್ರೆ, ಮಚ್ಚೆ ಎಲ್ಲ ಹೇಳಿ, “ನಿನ್ನ ಕೈನೂ ಒಂದ್ಸಲ ತೋರ‍್ಸಾಣಪ್ಪ, ಅದೂ ಇದೇ ಇರಬೋದು” ಎಂದೆ. ನನಗೆ ರೋಗ ಬಂದದ್ದನ್ನು ಅವನು ಅಲುಗದೆ ಕೇಳಿದ. ಕೈಯ ಮಾತು ಬಂದಾಗ ಎದ್ದು ನಿಂತ.

“ಏನಂದಿ? ಇದು ದುಡಿಮೆ ಲೇ. ಬೆಂಕಿ ಮುಂದೆ ನಿಂತೂ ನಿಂತೂ ಬಂದದ್ದು. ಇದಕ್ಕೆ ರೋಗ ಅಂತ ಹೆಸರಿಡ್ತೀಯಾ? ನಿನ್ನ ಓದ್ಸಿದ್ದು ಯಾವ ಕೈ ಅನ್ಕಂಡಿ?”

ಮೂರು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. “ನಡಿ. ಆ ಡಾಕ್ಟ್ರು ಏನೂ ಇಲ್ಲ ಅನ್ಲಿ, ಆಮ್ಯಾಲೆ ನಿನಗೈತೆ.”

ದೊಡ್ಡ ಡಾಕ್ಟರು ಅವನ ಕೈಯನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಲು ಹೇಳಿ, ಪೆನ್ನಿನ ತುದಿಯಿಂದ ಮುಟ್ಟತೊಡಗಿದರು. ಅಪ್ಪ ದೇವರ ಮುಂದೆ ನಿಂತವನ ಹಾಗೆ ಕಣ್ಣು ಬಿಗಿದುಕೊಂಡು, “ಹಾಂ… ಹಾಂ… ಈಗ… ಹಾಂ” ಅನ್ನುತ್ತಿದ್ದ. ಪೆನ್ನು ಮುಟ್ಟಿದಾಗ ಸುಮ್ಮನಿರುತ್ತಿದ್ದ, ಮುಟ್ಟದಿದ್ದಾಗ ಹಾಂ ಅನ್ನುತ್ತಿದ್ದ. ಉತ್ತರ ಗೊತ್ತಿಲ್ಲದೆ ಮೇಷ್ಟ್ರ ಮನಸ್ಸು ನೋಯಬಾರದೆಂದು ಊಹಿಸಿ ಹೇಳುವ ಹುಡುಗರನ್ನು ನಾನು ದಿನಾ ನೋಡುತ್ತೇನೆ. ಎಲ್ಲೋ ನೋಡುತ್ತಾ ಕೂತೆ.

“ಹಳೇದು,” ಎಂದರು ಡಾಕ್ಟರು. “ಇರೋದನ್ನ ಉಳಿಸ್ಕೊಳ್ಳೋಣ ಯಜಮಾನ್ರೇ. ಹೋದದ್ದು ಬರಲ್ಲ. ಇನ್ನು ಬೆಂಕಿ ಹತ್ರ ಹೋಗೋ ಹಾಗಿಲ್ಲ.”

“ಇವಂಗೆ ನನ್ನಿಂದ ಬಂತಾ, ನನಗೆ ಇವನಿಂದ ಬಂತಾ?” ಎಂದು ಅಪ್ಪ ಕೇಳಿದ.

“ಅದನ್ನ ಯಾರೂ ಹೇಳಕ್ಕಾಗಲ್ಲ.”

ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. “ಐದು ತಿಂಗಳ ಹಿಂದೆ ಬಂದಿದ್ರೆ ಸಾರ್?”

ಅವರು ನನ್ನ ಹಳೆಯ ಕಾರ್ಡು ನೋಡಿದರು. ಹೆಂಡತಿ, ಮಗಳು ಎಂದು ಅವರದೇ ಅಕ್ಷರದಲ್ಲಿತ್ತು. “ಬಲಗೈ ಹೆಬ್ಬೆರಳಿನ ಶಕ್ತಿ ಹೋಗಿರೋದು ಇತ್ತೀಚೆಗೆ. ಅದು ಒಂದಿಷ್ಟು ಉಳೀತಿತ್ತೇನೋ.”

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಅಪ್ಪ ಕೇಳಿದ, “ಐದು ತಿಂಗಳು ಅಂದ್ರೆ ಏನ್ಲೇ ಅದು?”

ಹೇಳಿದೆ. ಕಾರ್ಡಿನಲ್ಲಿ ಅವನ ಹೆಸರು ಬಿಟ್ಟದ್ದನ್ನೂ ಹೇಳಿದೆ.

“ನನ್ನ ಮನ್ಯಾಗೆ ನನ್ನ ಹೆಸರೇ ತೆಗೆದಿ ಅನ್ನು.”

  ನನ್ನ ಏಳು ತಿಂಗಳನ್ನು ಹ್ಯಾಂಡಲಿನ ಮೇಲೆ ಹಾಕಬಹುದು. ಅಪ್ಪನ ಐದು ತಿಂಗಳನ್ನು ಯಾವುದರ ಮೇಲೆ ಹಾಕಲಿ?

ಅಪ್ಪ ‘ವಯಸ್ಸಾತು’ ಎಂದು ಹೇಳಿ ಭಟ್ಟಿ ಬಿಟ್ಟ. ಮುಂದಿನ ತಿಂಗಳು ನನ್ನ ಕೈಯ ತೀರ್ಮಾನವಾಯಿತು. ಉಂಗುರ ಬೆರಳು ನೆಟ್ಟಗಾಗಿತ್ತು, ಕಾಗದದ ಚೂರನ್ನು ಒಂದಿಷ್ಟು ಹೊತ್ತು ಹಿಡಿದುಕೊಂಡಿತು. ಕಿರುಬೆರಳು ಕೊಕ್ಕೆಯಂತೆ ಬಾಗಿಯೇ ಉಳಿಯಿತು. ಸ್ಪರ್ಶ ಬರಲಿಲ್ಲ. “ಇನ್ನು ಮೇಲೆ ಇದೇ ನಿಮ್ಮ ಕೈ,” ಎಂದರು ಡಾಕ್ಟರು. ಸೈಕಲ್ ಹೊಡೆಯಬಹುದೇ ಎಂದು ಕೇಳಿದೆ. “ಹೊಡೀರಿ. ಆದರೆ ಕೈಗೆ ಗಾಯ ಆದ್ರೆ ನಿಮಗೆ ಗೊತ್ತಾಗಲ್ಲ. ದಿನಾ ಕಣ್ಣಿಂದ ನೋಡ್ಬೇಕು. ಕೆಂಪಾದ ಜಾಗ ಇದ್ರೆ ಅಲ್ಲಿ ಒತ್ತಡ ಬೀಳ್ತಿದೆ ಅಂತ ಅರ್ಥ.”

ಸೈಕಲ್ ತಳ್ಳಿಕೊಂಡು ಸಾದಿಕ್ ಭಾಯಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಸರನ್ನೂ ಹೇಳಿದೆ. ಅವನು ಅಲನ್ ಕೀಗಳ ಗೊಂಚಲು ಕೆಳಗಿಟ್ಟ.

“ಕೈ ಬಿಚ್ಚಿ ಜೋಡಿಸ್ಬೇಕು ಅಂದಿದ್ನಲ್ರಿ ಆವತ್ತು. ಯಾ ಅಲ್ಲಾ, ಸುಟ್ಟೋಗ್ಲಿ ನನ್ನ ನಾಲಿಗೆ,” ಎಂದ. ಆಮೇಲೆ ಒರೆಸುವ ಬಟ್ಟೆಯಲ್ಲಿ ತನ್ನ ಗ್ರೀಸಿನ ಕೈ ಒರೆಸಿಕೊಂಡು, “ಕೊಡ್ರಿ ಇಲ್ಲಿ” ಎಂದು ನನ್ನ ಬಲಗೈ ಹಿಡಿದು, ಹೆಬ್ಬೆರಳ ಸಂದಿಯಿಂದ ನಡುಬೆರಳಿನ ತುದಿಯವರೆಗೆ ಸ್ಟೀಲಿನ ಪಟ್ಟಿಯಿಟ್ಟು ಅಳೆದ. ಮನೆಯವರು, ಡಾಕ್ಟರು ಬಿಟ್ಟರೆ ಕಾಯಿಲೆ ಗೊತ್ತಿದ್ದೂ ನನ್ನ ಕೈ ಮುಟ್ಟಿದ ಮೊದಲ ಮನುಷ್ಯ.

ಸ್ಕ್ರೂ ತಿರುಗಿಸಿ ಬಲ ಲಿವರನ್ನು ಎರಡೇ ಬೆರಳಿಗೆ ಎಟುಕುವಷ್ಟು ಹತ್ತಿರ ತಂದ. ಮುಂದಿನ ಚಕ್ರದ ಬ್ರೇಕನ್ನು ಎಡಗೈಗೆ ಬದಲಿಸಿದ. ಹ್ಯಾಂಡಲ್ ಎತ್ತರಿಸಿ, ಬಲ ಹುಡ್ಡನ್ನು ಒಳಕ್ಕೆ ತಿರುಗಿಸಿ, “ಹೆಂಗೈತೆ? ಆರಾಮ ಅನ್ಸುತ್ತಾ?” ಎಂದು ಅಭ್ಯಾಸಬಲದಿಂದ ಕೇಳಿ ನಾಲಿಗೆ ಕಚ್ಚಿಕೊಂಡ. ಆರಾಮವೋ ಅಲ್ಲವೋ, ಆ ಕೈ ಹೇಳುವುದಿಲ್ಲ. ಸುತ್ತು ಹೊಡೆದು ಬಂದು ಚರ್ಮ ನೋಡಬೇಕು, ಮತ್ತೆ ತಿರುಗಿಸಬೇಕು, ಮತ್ತೆ ನೋಡಬೇಕು.

ಈಗ ನನ್ನ ವರ್ಷದ ಮಾತ್ರೆ ಮುಗಿದಿದೆ. ಅಪ್ಪನದು ಇನ್ನೂ ನಡೆಯುತ್ತಿದೆ. ಅವನು ನನ್ನನ್ನು ಕ್ಷಮಿಸಿದ್ದಾನೆ ಎಂದು ಬರೆಯಲಾರೆ, ಆ ಮಾತು ನಮ್ಮ ನಡುವೆ ಬಂದಿಲ್ಲ. ಭಾನುವಾರದ ಗೆಳೆಯರಿಗೂ ನಿಜ ಹೇಳಿದೆ. ಅವರಲ್ಲಿ ಒಬ್ಬ ಮತ್ತೆ ಜೊತೆಗೆ ಬರುತ್ತಾನೆ, ಇಬ್ಬರು ಬರುವುದಿಲ್ಲ. ನಾನು ಶಾಲೆಯಿಂದ ಸೈಕಲಿನಲ್ಲಿ ಬಂದ ಮೇಲೆ ಬೆಳಕಿರುವಾಗಲೇ ಅಪ್ಪನೂ ನಾನೂ ಕಟ್ಟೆಯ ಮೇಲೆ ಎದುರುಬದುರು ಕೂರುತ್ತೇವೆ. ಡಾಕ್ಟರು ಹೇಳಿಕೊಟ್ಟ ಕೆಲಸ. ಅವನು ನನ್ನ ಕೈ ನೋಡುತ್ತಾನೆ, ನಾನು ಅವನ ಕೈ ಕಾಲು ನೋಡುತ್ತೇನೆ. ಮೊನ್ನೆ ಅವನು ಕನ್ನಡಕ ಏರಿಸಿ, ನನ್ನ ಅಂಗೈಯ ಅಂಚನ್ನು ತನ್ನ ಬೆರಳುಗಳಿಂದ ಅಗಲಿಸಿ ಹಿಡಿದು ಬಹಳ ಹೊತ್ತು ನೋಡಿದ. ಹಿಡಿದದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಹಿಡಿದಿದ್ದೇನೆ ಎಂದು ಅವನಿಗೂ ಗೊತ್ತಾಗುತ್ತಿರಲಿಲ್ಲ.

“ಇಲ್ಲೊಂದು ಬೊಬ್ಬೆ ಐತಲ್ಲೋ. ಯಾವಾಗ ಆತು?”

“ಗೊತ್ತಿಲ್ಲಪ್ಪ.”

“ಆ ರಬ್ಬರಿನ ಅಂಚು ತಾಗಿರ್ಬೇಕು. ನಾಳೆ ಇನ್ನೊಂಚೂರು ಒಳಕ್ಕೆ ತಿರುಗ್ಸು ಅದನ್ನ.”

“ಹೂಂ.”

ಅವನು ನನ್ನ ಕೈಯನ್ನು ನನ್ನ ತೊಡೆಯ ಮೇಲಿಟ್ಟು, ತನ್ನ ಎರಡೂ ಅಂಗೈ ಮುಂದಕ್ಕೆ ಚಾಚಿದ.

“ನಂದು ನೋಡು.”